ಮುತ್ತಿನ ಸರದ ಅವ್ವ

ಹರಪನಹಳ್ಳಿಯಲ್ಲಿ ನಮ್ಮಣ್ಣ ಕಟ್ಟಿಸಿದ ಹೊಸ ಮನೆಯ ಹಾಲ್‌ನಲ್ಲಿ, ಬಾಗಿಲಿಗೆ ಎದುರಾಗಿ, ನಮ್ಮವ್ವನ ಚಿತ್ರವಿದೆ. ಕಪ್ಪು ರೇಷ್ಮೆ ಸೀರೆ ಉಟ್ಟು, ಕೊರಳ ತುಂಬ ಮುತ್ತಿನ ಸರ ಹಾಕಿಕೊಂಡು, ಒಂದು ಕೈಯಲ್ಲಿ ಬೀಸಣಿಗೆ ಹಿಡಿದು ಎತ್ತರದ ಕುರ್ಚಿಯಲ್ಲಿ ಕೂತಿದ್ದಾಳೆ. ಬಂದವರು ಚಪ್ಪಲಿ ಬಿಡುತ್ತಲೇ ತಲೆ ಎತ್ತಿ, "ಯಪ್ಪಾ, ಯಾವ ದೇಸಾಯರ ಮನಿತನರೀ ನಿಮ್ದು?" ಅನ್ನುತ್ತಾರೆ. ಅಣ್ಣ ನಗುತ್ತಾನೆ. ಅಲ್ಲ ಅನ್ನುವುದಿಲ್ಲ.

ನಮ್ಮವ್ವ ತಂಬ್ರಹಳ್ಳಿಯಲ್ಲಿ ಮಂದಿಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು. ಅವಳು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಮುತ್ತು ಅಂದರೆ ಅವಳಿಗೆ ಜೋಳದ ತೆನೆ. ಕಾಳು ತುಂಬಿ ಬಂದರೆ, "ಮುತ್ತು ಪೋಣಿಸಿದಂಗ ಅದಾವ ನೋಡು" ಅನ್ನುತ್ತಿದ್ದಳು. ಹಾಗಂತ ನಾನು ಮುತ್ತಿನ ಮೇಲಿನ ಸಿಟ್ಟಿಗೆ ಬರೆಯಲು ಕೂತಿಲ್ಲ. ನನಗೆ ನಮ್ಮವ್ವನ ಮುಖ ಮರೆಯುತ್ತಾ ಬಂದಿತ್ತು. ಅದನ್ನು ಹಿಡಿದಿಟ್ಟುಕೊಳ್ಳಲು ಹೋಗಿ, ಉಳಿದಷ್ಟನ್ನೂ ಕಳೆದುಕೊಂಡೆ. ಅದನ್ನು ಹೇಳಬೇಕಾಗಿದೆ.

ಈಗಿನ ಮಕ್ಕಳಿಗೆ ಇದು ಅರ್ಥವಾಗುವುದು ಕಷ್ಟ. ಅವರ ಫೋನಿನಲ್ಲಿ ಉಂಡದ್ದು, ಮಲಗಿದ್ದು, ಬೆಕ್ಕು ಆಕಳಿಸಿದ್ದು ಎಲ್ಲದರ ಫೋಟೋ ಇರುತ್ತದೆ. ನಮ್ಮವ್ವನದು ಒಂದೂ ಇಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡ. ಅವತ್ತಿನಿಂದ ಅವ್ವ ಯಾವ ಶುಭಕಾರ್ಯದಲ್ಲೂ ಮುಂದೆ ಬಂದು ನಿಲ್ಲಲಿಲ್ಲ. ನನ್ನ ಮದುವೆಯಲ್ಲಿ ಫೋಟೋದವನು "ಹುಡುಗಿ ತಾಯಿ ಬರ್ರಿ" ಅಂತ ಕೂಗಿದಾಗ ಕಂಬದ ಹಿಂದೆ ಸರಿದು, "ನಾ ಯಾಕಪ್ಪಾ, ಮುತ್ತೈದೇರು ನಿಲ್ಲಲಿ" ಅಂದಳು. ಆಲ್ಬಮ್ಮಿನಲ್ಲಿ ಅವಳದು ಅಂತ ಇರುವುದು ಕಂಬದ ಪಕ್ಕಕ್ಕೆ ಕಾಣುವ ಒಂದು ಮೊಳಕೈ, ಅಷ್ಟು ಸೀರೆಯ ಅಂಚು. ಓಟಿನ ಕಾರ್ಡಿನಲ್ಲಿ ಒಂದು ಮುಖವಿತ್ತು. ಅವಳು ಹೋದ ಮೇಲೆ ಒಂದು ಮಳೆಗಾಲ ಮಾಳಿಗೆ ಸೋರಿ, ಮುಖವಿದ್ದ ಕಡೆ ಬಿಳಿ ಕಲೆ ಉಳಿಯಿತು.

ನನ್ನ ಕೊರತೆ ಬಹಳ ವರ್ಷ ನನಗೆ ಗೊತ್ತಾಗಲೇ ಇಲ್ಲ. ಮುಂಜಾನೆ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರೆ ಶಿವ ಕಾಣಬೇಕು. ನನಗೆ ಅವ್ವ ಕಾಣುತ್ತಿದ್ದಳು. ಶಿವ ಕೋಪಿಸಿಕೊಳ್ಳಲಿಲ್ಲ, ಅದು ಅವನ ದೊಡ್ಡತನ. ಐವತ್ತು ದಾಟಿದ ಮೇಲೆ ಅವಳು ಇಡಿಯಾಗಿ ಬರುವುದು ನಿಂತಿತು. ಒಂದು ದಿನ ಕೆಳತುಟಿಯ ಕೆಳಗಿನ ಹಚ್ಚೆಯ ಚುಕ್ಕೆ ಬರುತ್ತಿತ್ತು. ಒಂದು ದಿನ ಬೆವರಿಗೆ ಅಳಿಸಿದ ವಿಭೂತಿಯ ಹಣೆ. ಇನ್ನೊಂದು ದಿನ ಜೋತುಬಿದ್ದ ಕಿವಿಯ ಹಾಲೆ. ಒಂದಕ್ಕೊಂದು ಕೂಡುತ್ತಿರಲಿಲ್ಲ. ಒಡೆದ ಮಡಕೆಯ ಚೂರು ಜೋಡಿಸಿದ ಹಾಗೆ ಜೋಡಿಸುತ್ತಾ ಕೂತು, ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ.

ಅಣ್ಣನನ್ನು ಕೇಳೋಣವೆಂದರೆ ಅವನು ಸಣ್ಣವನಿದ್ದಾಗಲೇ ಮಠದ ಹಾಸ್ಟೆಲಿಗೆ ಹೋದವನು. ಅವ್ವನನ್ನು ರಜೆಯಲ್ಲಿ ಕಂಡವನು. "ನಿನ್ನಂಗ ಇದ್ಲು" ಅನ್ನುತ್ತಿದ್ದ, ಅಷ್ಟೇ. ಮುಂದೆ ಅವನು ಸಿಮೆಂಟು, ಟೈಲ್ಸಿನ ಅಂಗಡಿ ಹಾಕಿದ, ಊರಿನವರು ನಮಸ್ಕಾರ ಮಾಡುವ ಹಾಗಾದ, ಮನೆ ಕಟ್ಟಿಸಿದ.

ಟೈಲ್ಸ್ ಕಂಪನಿಯವರು ಅಂಗಡಿಯವರನ್ನೆಲ್ಲ ದಾವಣಗೆರೆಯ ದೊಡ್ಡ ಹೋಟೆಲಿಗೆ ಊಟಕ್ಕೆ ಕರೆದಿದ್ದರಂತೆ. ಅಲ್ಲಿಯ ಗೋಡೆಯಲ್ಲಿ ಪರದೇಶದ ಹೆಂಗಸಿನ ಒಂದು ದೊಡ್ಡ ಚಿತ್ರವಿತ್ತಂತೆ. ಅದರ ಫೋಟೋ ತೆಗೆದುಕೊಂಡು, ಮರುದಿನವೇ ಕೊಟ್ಟೂರಿಗೆ ನಮ್ಮ ಮನೆಗೆ ಬಂದ.

"ನೋಡು ತಂಗಿ, ಹೆಂಗ ಕುಂತಾಳ! ಅವ್ವನ್ನ ಹಿಂಗ ಬರಸಬೇಕು."

ನಮ್ಮ ಮನೆಯವರು ಕನ್ನಡಕ ಏರಿಸಿ ನೋಡಿ, "ಭಾವಾ, ನಿಮ್ಮವ್ವ ಹಿಂಗ ಕುಂತಿದ್ರ ಕಳಿ ಯಾರು ತೆಗೀತಿದ್ರು?" ಅಂದರು.

"ಅದಕ್ಕ ಕುಂದ್ರಸಬೇಕು," ಅಂದ ಅಣ್ಣ. ಅವನ ದನಿ ಒಂದು ಥರಾ ಆಯಿತು. ನಮ್ಮ ಮನೆಯವರು ಕನ್ನಡಕ ಇಳಿಸಿ ಫೋನು ವಾಪಸು ಕೊಟ್ಟರು.

ನಾನು ಒಪ್ಪಿದ್ದು ಬೇರೆ ಆಸೆಗೆ. ಹೆಂಗಾದರೂ ಕೂರಿಸಲಿ, ಏನಾದರೂ ಉಡಿಸಲಿ, ಮುಖವೊಂದು ಸರಿ ಬಂದರೆ ಸಾಕು. ಚಿತ್ರಕಾರರು ಕೇಳಿದ್ದನ್ನೆಲ್ಲ ಹೇಳುತ್ತೇನೆ, ನನ್ನಲ್ಲಿರುವ ಚೂರುಗಳನ್ನು ಅವರು ಕೂಡಿಸಲಿ ಅಂದುಕೊಂಡೆ.

ನಮ್ಮ ಹಿಂದಿನ ಓಣಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಒಬ್ಬರಿದ್ದಾರೆ, ರಿಟೈರ್ ಆದವರು. ಮಂದಿಯ ಹಿರಿಯರನ್ನು ಫೋಟೋ ನೋಡಿ ಎಣ್ಣೆಬಣ್ಣದಲ್ಲಿ ಬರೆದುಕೊಡುತ್ತಾರೆ. ಫೋಟೋ ಇಲ್ಲ ಅಂದಾಗ ಅವರು ಕೈ ಅಲ್ಲಾಡಿಸಿದರು. "ಕಾಣದ ಮುಖ ಬರಿಯಾಕ ಬರಂಗಿಲ್ಲವ್ವಾ." ಆಮೇಲೆ ನನ್ನನ್ನೇ ನೋಡುತ್ತಾ, "ನೀನು ತಾಯಿನ ಹೋಲ್ತಿಯಂತಲ್ಲ? ನೀ ಬಂದು ಕುಂದ್ರು. ನಿನ್ನ ನೋಡಿ ಬರೀತೀನಿ. ಎಲ್ಲೆಲ್ಲಿ ಬ್ಯಾರೆ ಅಂತ ನೀ ಹೇಳು, ತಿದ್ದತೀನಿ" ಅಂದರು. ಅಣ್ಣನ ಫೋನಿನ ಚಿತ್ರ ನೋಡಿದ ಮೇಲಂತೂ ಅವರ ಹುರುಪು ಹೇಳತೀರದು. ಅದು ಪರದೇಶದಲ್ಲಿ ಮುನ್ನೂರು ನಾನೂರು ವರ್ಷದ ಹಿಂದೆ ಚಿತ್ರ ಬರೆಯುತ್ತಿದ್ದ ಪದ್ಧತಿಯಂತೆ, ಬರೋಕ್ ಅನ್ನುತ್ತಾರಂತೆ. "ಒಂದ ಕಡಿ ಬೆಳಕು, ಉಳಿದದ್ದೆಲ್ಲ ಕತ್ತಲಿ. ಕತ್ತಲಾಗಿಂದ ಮುಖ ಹೊರಗ ಬರಬೇಕು," ಅಂದರು. ಆ ಮಾತು ನನಗೆ ಬಹಳ ಹಿಡಿಸಿತು. ನನಗೂ ಅದೇ ಬೇಕಿತ್ತು.

ಅವರು ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದರು. ಎದುರು ಕೂತು ಕೂತು ನನಗೆ ಆ ಹೆಂಗಸಿನ ಪರಿಚಯವಾಯಿತು. ಕಪ್ಪು ರೇಷ್ಮೆಯ ಅಂಗಿ, ಅದರ ಮಡಿಕೆಯಲ್ಲಿ ಕಪ್ಪೇ ಹೊಳೆಯುತ್ತದೆ. ಕೊರಳ ಸುತ್ತ ಬಿಳಿ ಕಸೂತಿಯ ದೊಡ್ಡ ಪಟ್ಟಿ, ಶಾವಿಗೆ ಹೊಸೆದು ಸುರುಳಿ ಸುರುಳಿಯಾಗಿ ಒಣಹಾಕಿದಂತೆ. ಅದರ ಮೇಲೆ ಮುತ್ತು. ಕೈ ಎಷ್ಟು ಮೆತ್ತಗೆಂದರೆ ಹಿಟ್ಟು ನಾದಿದ ಕೈಯಲ್ಲ, ನಾದಿಸಿಕೊಂಡ ಹಿಟ್ಟೇ. ಮೊದಲ ದಿನ ನನಗೆ ಸಿಟ್ಟು ಬಂತು. ಎರಡನೇ ಸಲ ಕೂತಾಗ ಅವಳ ಮೂಗಿನ ತುದಿ ಕೊಂಚ ಕೆಂಪಗಿರುವುದು ಕಂಡಿತು. ನೆಗಡಿಯಾಗಿತ್ತೋ, ಬರೆಸಿಕೊಳ್ಳುವ ಮೊದಲು ಅತ್ತಿದ್ದಳೋ. ಅಷ್ಟು ಮುತ್ತು ಬರೆದವನು ಮೂಗಿನ ಕೆಂಪನ್ನೂ ಬಿಟ್ಟಿರಲಿಲ್ಲ. ಅವಳು ನಿಜವಾಗಿ ಅವನೆದುರು ಕೂತಿದ್ದಳು, ಅದಕ್ಕೆ.

"ಇಕಿ ಹೆಸರೇನ್ರೀ ಮೇಷ್ಟ್ರ?"

"ಹೆಸರು ಗೊತ್ತಿಲ್ಲವ್ವಾ. ಚಿತ್ರದ ಕೆಳಗ 'ಒಬ್ಬ ಶ್ರೀಮಂತ ಹೆಂಗಸು' ಅಂತ ಅಷ್ಟ ಐತಿ."

ಮುಖ ಉಳಿದಿದೆ, ಹೆಸರು ಹೋಗಿದೆ. ನಮ್ಮವ್ವನ ಹೆಸರು ತಂಬ್ರಹಳ್ಳಿಯಲ್ಲಿ ಇನ್ನೂ ಕೆಲವರ ಬಾಯಲ್ಲಿದೆ. ಬದಲಾಯಿಸಿಕೊಳ್ಳಲು ಬಂದಿದ್ದರೆ ಹೆಸರು ಕೊಟ್ಟು ಮುಖ ತರುತ್ತಿದ್ದೆ.

ಅತ್ತಿಗೆಯ ಕಪ್ಪು ರೇಷ್ಮೆ ಸೀರೆ ಉಟ್ಟು ನಾನು ಕೂರಬೇಕಿತ್ತು. ಮೇಷ್ಟ್ರು ಒಂದು ಕಿಟಕಿ ಬಿಟ್ಟು ಉಳಿದದ್ದಕ್ಕೆಲ್ಲ ಗೋಣಿತಟ್ಟು ಹೊಡೆದಿದ್ದರು. ಸೆಕೆಗೆ ಬೆನ್ನೆಲ್ಲ ನೀರು.

"ಗದ್ದ ಎತ್ತವ್ವಾ. ಸಾವ್ಕಾರ್ತಿ ಕುಂತಂಗ ಕುಂದ್ರು."

"ಸಾವ್ಕಾರ್ತಿ ಹೆಂಗ ಕುಂದ್ರತಾಳೋ ನನಗೇನ ಗೊತ್ರಿ?"

ಒಳಗಿನಿಂದ ಅವರ ಹೆಂಡತಿ, "ಒಲಿ ಮ್ಯಾಲೆ ಏನೂ ಇಟ್ಟು ಬಂದಿಲ್ಲ ಅಂತ ತಿಳಕೊಂಡು ಕುಂದ್ರು ತಾಯಿ, ತಾನ ಬರತೈತಿ" ಅಂದರು. ನಕ್ಕುಬಿಟ್ಟೆ. ಮೇಷ್ಟ್ರು ಇದ್ದಿಲು ಕೆಳಗಿಟ್ಟು, "ಬಾಯಿ ಸರಿಸಬ್ಯಾಡ! ನೀ ಸುಮ್ನಿರ ಲೇ ಒಳಗ!" ಅಂತ ಗದರಿದರು. ಒಳಗಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಆದರೂ ಚಹಾ ತಪ್ಪಲಿಲ್ಲ. ಆ ತಾಯಿಯ ಶುಂಠಿ ಚಹಾ ಆ ದಿನಗಳ ಒಂದು ಪುಣ್ಯ, ಅದನ್ನು ಮರೆಯಬಾರದು.

ನಾನು ಹೇಳುತ್ತಾ ಹೋದೆ, ಅವರು ತಿದ್ದುತ್ತಾ ಹೋದರು. ಮೂಗು ನನ್ನದಕ್ಕಿಂತ ಅಗಲ. ಗಲ್ಲ ಒಳಗೆ ಹೋಗಿತ್ತು, ಹಲ್ಲು ಹೋದ ಕಡೆ ಇನ್ನೂ ಒಳಗೆ. ಎಡಗಣ್ಣಿನ ರೆಪ್ಪೆ ಚೂರು ಇಳಿದಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ. ತುಟಿಯ ಕೆಳಗೆ ಚುಕ್ಕೆ. ಅವರು ಬ್ರೆಡ್ಡಿನ ತುಣುಕಿನಿಂದ ಇದ್ದಿಲು ಅಳಿಸುವುದು, ಮತ್ತೆ ಎಳೆಯುವುದು. ಒಂದು ಮಧ್ಯಾಹ್ನ ರೆಪ್ಪೆ ತಿದ್ದಿ ಹಿಂದಕ್ಕೆ ಸರಿದು, "ನೋಡು" ಅಂದರು.

ಎದ್ದು ಹೋಗಿ ನೋಡಿದೆ. ಅವ್ವ ಇದ್ದಳು.

ಹೇಗೆ ಹೇಳಲಿ. ಕತ್ತಲೆಯೊಳಗಿಂದ, ಹೊಲದಿಂದ ಬಂದು ಹೊಸ್ತಿಲಲ್ಲಿ ನಿಂತು "ನೀರು ಕೊಡು" ಅನ್ನುವ ಮುಂಚಿನ ಮುಖ. ಸೀರೆ ಇಲ್ಲ, ಮುತ್ತಿಲ್ಲ, ಇದ್ದಿಲಿನ ನಾಲ್ಕು ಗೆರೆ. "ಅವ್ವಾ" ಅಂತ ಕೂಗಿಬಿಟ್ಟೆ. ಮೇಷ್ಟ್ರ ಹೆಂಡತಿ ಓಡಿ ಬಂದು ನೆಲಕ್ಕೆ ಕೂರಿಸಿದರು.

"ಇಲ್ಲಿಗಿ ಬಿಟ್ಟುಬಿಡ್ರಿ ಮೇಷ್ಟ್ರ," ಅಂದೆ.

"ಅಯ್ಯ, ಇದು ಬರೇ ಇದ್ದಲಿ ಐತವ್ವಾ. ಇನ್ನ ಬಣ್ಣ ಹಚ್ಚಿಲ್ಲ. ಇದನ್ನ ನಿಮ್ಮಣ್ಣನ ಗ್ವಾಡಿಗಿ ಹಾಕಾಕ ಬರತೈತೇನು?"

ಒಂದು ಫೋಟೋ ತೆಗೆದುಕೊಳ್ಳಬೇಕೆಂದು ಅಲ್ಲಿದ್ದ ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರಿಗೆ ಅದು ಮುಗಿಯದ ಕೆಲಸ. ನನಗೆ ಅವ್ವ ಸಿಕ್ಕಿದ್ದಳು, ಸಿಕ್ಕವಳು ಮತ್ತೆಲ್ಲಿ ಹೋಗುತ್ತಾಳೆ ಅನ್ನುವ ಧೈರ್ಯ. ಮನೆಗೆ ಬಂದು ಕೊಟ್ಟೂರೇಶನಿಗೆ ಒಂದು ದೀಪ ಹೆಚ್ಚು ಹಚ್ಚಿದೆ.

ಬಣ್ಣ ಶುರುವಾದ ಮೇಲೆ ಅಣ್ಣ ಬಂದ. ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ತುಟಿ ಕೆಳಗಿನ ಹಚ್ಚಿ ಬ್ಯಾಡ್ರಿ ಮೇಷ್ಟ್ರೇ, ಹೊಲದೋಳಂಗ ಕಾಣ್ತಾಳ. ಗಲ್ಲ ತುಂಬ್ರಿ," ಅಂದ.

"ಆಕಿ ಗಲ್ಲ ಇದ್ದದ್ದ ಹಂಗ, ಯಣ್ಣಾ!"

"ಹೊಟ್ಟಿಗಿಲ್ಲದ ಇದ್ದಾಗ ಹಂಗಿತ್ತು. ಈಗರ ತುಂಬ್ಲಿ."

"ಹಚ್ಚಿ ತೆಗೆದ್ರ ಆಕಿ ಅಲ್ಲ ಅದು."

ಅಣ್ಣ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿದ್ದವು. "ಇದ್ದಾಗ ಒಂದು ಗುಂಜಿ ಬಂಗಾರ ಹಾಕಲಿಲ್ಲವ್ವಾ ಆಕಿಗಿ. ನನಗ ಕೈಗೂಡೂದ್ರಾಗ ಹೋಗಿಬಿಟ್ಲು. ಚಿತ್ರದಾಗರ ಸುಖಾ ಪಡಲಿ ಬಿಡು."

ನನಗೆ ಅವ್ವ ಇದ್ದ ಹಾಗೆ ಬೇಕಿತ್ತು, ಅವನಿಗೆ ಇರಬೇಕಾಗಿದ್ದ ಹಾಗೆ. ಇಬ್ಬರದೂ ಹಸಿವೇ. ಅವನ ಹಸಿವು ನನ್ನದಕ್ಕಿಂತ ಹಳೆಯದು. ಒಂದಕ್ಕೆ ಮಾತ್ರ ಹಟ ಹಿಡಿದೆ. ಕೊರಳಲ್ಲಿ ಲಿಂಗವಿರಬೇಕು, ಲಿಂಗವಿಲ್ಲದೆ ಅವ್ವ ನೀರು ಸಹ ಕುಡಿದವಳಲ್ಲ ಅಂದೆ. ಅಣ್ಣ ತಲೆಯಾಡಿಸಿದ. ಅವ್ವನ ಲಿಂಗ ಹಳೇ ಬಟ್ಟೆಯ ಗಂಟಿನಲ್ಲಿರುತ್ತಿತ್ತು. ಮೇಷ್ಟ್ರು ಮುತ್ತಿನ ಸರಗಳ ನಡುವೆ ಲಿಂಗವಿಡುವ ಬೆಳ್ಳಿಯ ಕರಡಿಗೆ ಬರೆದರು. ಇರಲಿ, ಲಿಂಗವಾದರೂ ಉಳಿಯಿತು.

ಗಲ್ಲ ತುಂಬಿದವು. ರೆಪ್ಪೆ ಮೇಲೆ ಹೋಯಿತು. ಚುಕ್ಕೆ ಹೋಯಿತು. ಮೂಗು ಸಣ್ಣದಾಯಿತು. ಒಂದೊಂದೇ ಅವ್ವನದು ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಯಾರು? ಎದುರು ಕೂತವಳು.

ಚಿತ್ರ ಹರಪನಹಳ್ಳಿಗೆ ಹೋದ ದಿನ, ಮೇಲೆ ಹೊದಿಸಿದ್ದ ಪಂಚೆ ತೆಗೆಯುತ್ತಲೇ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನನ್ನ ಕಡೆ ತಿರುಗಿದಳು. "ಅಯ್ಯ ಶಿವನ! ಇದು ನೀವ ಆಗೀರಲ್ಲ!"

ಅಣ್ಣನ ಕೈಯಲ್ಲಿ ಗಂಧದ ಹಾರವಿತ್ತು. ನಮ್ಮ ಕಡೆ ತೀರಿಕೊಂಡವರ ಚಿತ್ರಕ್ಕೇ ಹಾರ. ಬದುಕಿದ್ದವರ ಚಿತ್ರಕ್ಕೆ ತಮಾಷೆಗೂ ಹಾಕುವುದಿಲ್ಲ. ಹಾಕಿದರೆ ಆಯುಷ್ಯ ಕಡಿಮೆ ಅಂತಾರೆ. ಅತ್ತಿಗೆ, "ಹಾರ ಬ್ಯಾಡ್ರಿ, ನನಗ ಕೈ ಬರವಲ್ದು" ಅಂತ ಹಿಂದೆ ಸರಿದಳು. ಪೂಜೆಗೆ ಬಂದಿದ್ದ ಅಯ್ಯನೋರನ್ನು ಕೇಳಿದರು. ಅವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. "ಯಾರ ಹೆಸರಿನ ಮ್ಯಾಲೆ ಬರಸೀರಿ, ಅವರದ ಚಿತ್ರ. ಹಾಕ್ರಿ," ಅಂದರು.

ನಮ್ಮ ಮನೆಯವರು ನನ್ನ ಕಿವಿಯಲ್ಲಿ, "ಹೊರಗ ಹೋಗಿ ನಿಂತ್ಕೊ, ನೋಡಬ್ಯಾಡ" ಅಂದರು. ಸದಾ ನಗಿಸುವ ಮನುಷ್ಯ. ಅವತ್ತು ಅವರ ಕೈ ತಣ್ಣಗಿತ್ತು. ನಾನು ಹೋಗಲಿಲ್ಲ. ನನ್ನ ಮುಖಕ್ಕೆ ಹಾರ ಬಿದ್ದದ್ದನ್ನು, ಊದುಬತ್ತಿ ಬೆಳಗಿದ್ದನ್ನು, ಎಲ್ಲರೂ ಕೈ ಮುಗಿದದ್ದನ್ನು ನೋಡಿದೆ. ನಾನೂ ಮುಗಿದೆ. ಸಾಯುವ ಭಯವೇನೂ ಆಗಲಿಲ್ಲ. ನನ್ನ ಗಂಡನ ಕೈ ತಣ್ಣಗಾಯಿತಲ್ಲ, ನನಗಾಗಿ ಹೆದರುವ ಒಬ್ಬರು ಇದ್ದಾರೆ ಅಂತ ಅಷ್ಟರಲ್ಲೂ ಸಮಾಧಾನವಾಯಿತು. ಆದರೆ ಅವ್ವನಿಗೆ ಅಂತ ಹಚ್ಚಿದ ಊದುಬತ್ತಿ ಅವ್ವನಿಗೆ ಮುಟ್ಟಲಿಲ್ಲ. ಮತ್ತೊಮ್ಮೆ ಅವಳು ಕಂಬದ ಹಿಂದೆ ಸರಿದಿದ್ದಳು.

ಅದಾದ ಮೇಲೆ ಮುಂಜಾನೆ ಕಣ್ಣು ಮುಚ್ಚಿದರೆ ಚೂರುಗಳೂ ಬರದಾದವು. ಆ ಚಿತ್ರ ಬರುತ್ತದೆ, ಮೇಲಿಂದ ಕೆಳಗಿನವರೆಗೆ, ಮೆರುಗೆಣ್ಣೆ ಹಚ್ಚಿಕೊಂಡು ಬರುತ್ತದೆ. ಸರಿಸಿದರೆ ಸರಿಯುವುದಿಲ್ಲ. ಇದ್ದಿಲಿನ ಆ ಮುಖವನ್ನಾದರೂ ನೆನಸಿಕೊಳ್ಳೋಣವೆಂದರೆ, ಅದರ ಮೇಲೂ ಬಣ್ಣ ಹರಿಯುತ್ತದೆ. ಪೂಜೆಗೆ ಕೂರುವುದೇ ಬೇಡ ಅನ್ನಿಸುವಷ್ಟು ಆಯಿತು. ಕೂರುವುದನ್ನು ಬಿಡಲಿಲ್ಲ, ಕಣ್ಣು ತೆರೆದೇ ಕೂರುವುದನ್ನು ಕಲಿತೆ.

ಅವ್ವನ ಮುಖ ಸರಿಯಾಗಿ ಕಂಡವಳು ಇನ್ನೊಬ್ಬಳೇ ಉಳಿದಿದ್ದಳು. ಅವ್ವನ ಜೊತೆ ಕಳೆ ತೆಗೆಯಲು ಹೋಗುತ್ತಿದ್ದ ಮುದುಕಿ. ಸಂಬಂಧವಿಲ್ಲದಿದ್ದರೂ ನಾವು ಚಿಗವ್ವ ಅಂತಲೇ ಕರೆಯುವುದು. ಅವಳು ಒಮ್ಮೆ ಆ ಚಿತ್ರ ನೋಡಿ, "ಇದು ಅಲ್ಲ" ಅಂದುಬಿಟ್ಟರೆ ಸಾಕು, ಅಷ್ಟು ಸಾಕ್ಷಿ ಹಿಡಿದು ಹೇಗೋ ಅವ್ವನನ್ನು ಹುಡುಕಿಕೊಳ್ಳುತ್ತೇನೆ ಅನ್ನಿಸಿತು. ಹಿರಿಯರ ಹಬ್ಬದ ಮುಂಜಾನೆ ತಂಬ್ರಹಳ್ಳಿಗೆ ಹೋಗಿ, ಅವಳ ಸೊಸೆಯನ್ನು ಕೇಳಿ, ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ಹರಪನಹಳ್ಳಿಗೆ ಕರೆದೊಯ್ದೆ.

ಚಿಗವ್ವನನ್ನು ಚಿತ್ರದ ಎದುರು ನಿಲ್ಲಿಸಿದೆ. ಕಣ್ಣಿನ ಆಪರೇಷನ್ ಆಗಿದ್ದರಿಂದ ಚೆನ್ನಾಗೇ ಕಾಣುತ್ತಿತ್ತು ಅವಳಿಗೆ. ಬಹಳ ಹೊತ್ತು ನೋಡಿದಳು.

"ಇಕೀನ," ಅಂದಳು. ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಕೆ ಮುರಿದಳು. "ಥೇಟ್ ಇಕೀನ ನೋಡವ್ವ. ಮುಖದಾಗ ಏನ್ ಕಳಿ, ಏನ್ ಕಳಿ! ರಾಣಿ ಇದ್ದಂಗ ಇದ್ಲು."

"ಸರಿಯಾಗಿ ನೋಡು ಚಿಗವ್ವಾ. ತುಟಿ ಕೆಳಗ ಹಚ್ಚಿ ಇತ್ತಲ್ಲ ಅವ್ವಗ? ಇಲ್ಲಿ?"

"ಯಾವ ಹಚ್ಚಿ? ಹಚ್ಚಿ ನನಗ ಐತಿ, ನೋಡಿಲ್ಲಿ." ತನ್ನ ಗದ್ದ ಮುಂದೆ ಚಾಚಿದಳು. ಕೆಳತುಟಿಯ ಕೆಳಗೆ, ಸುಕ್ಕಿನ ನಡುವೆ, ಹಸಿರು ಚುಕ್ಕೆ. "ನಿಮ್ಮವ್ವ ಸೂಜಿಗಿ ಹೆದರಿ ಓಡಿಹೋದ್ಲು, ಹಚ್ಚಿ ಹಾಕೊಳ್ಳಿಲ್ಲ."

ಅಲ್ಲೇ ಸೋಫಾದ ತುದಿಯಲ್ಲಿ ಕೂತೆ. ಚುಕ್ಕೆ ಅವ್ವನದಲ್ಲ. ಹಾಗಾದರೆ ಜೋತುಬಿದ್ದ ಕಿವಿ ಯಾರದು? ಇಳಿದ ರೆಪ್ಪೆ ಯಾರದು? ಅವತ್ತು ಇದ್ದಿಲಿನಲ್ಲಿ ಅವ್ವನನ್ನು ಕಂಡೆ ಅಂತ ಕೂಗಿದೆನಲ್ಲ, ಅದು ಯಾರ ಮುಖ? ಇಲ್ಲ, ಚಿಗವ್ವನಿಗೇ ಮರೆತಿದೆಯೋ? ಕೇಳಲು ಇನ್ನೊಬ್ಬರಿಲ್ಲ. ಅಣ್ಣ ಬಾಗಿಲಲ್ಲಿ ನಿಂತು ಹೊಳೆಯುವ ಮುಖದಿಂದ, "ನಾ ಹೇಳಲಿಲ್ಲೇನು?" ಅಂದ. ಎಲ್ಲರ ಜೊತೆ ಆ ಚಿತ್ರಕ್ಕೆ ಎಡೆ ಇಟ್ಟೆ.

ಊಟವಾದ ಮೇಲೆ ಚಿಗವ್ವನನ್ನು ಊರಿಗೆ ಬಿಡಲು ಮತ್ತೆ ಬಸ್ಸು ಹತ್ತಿದೆವು. ಅವಳಿಗೆ ಹೋಳಿಗೆಯ ತೃಪ್ತಿ, ಕಿಟಕಿಯ ಗಾಳಿ. ಹೊರಗೆ ಯಾರದೋ ಹೊಲದಲ್ಲಿ ಹೆಂಗಸರು ಸಾಲುಗಟ್ಟಿ ಬಗ್ಗಿದ್ದರು. ಅವರನ್ನು ನೋಡುತ್ತಾ ಅವಳು ತಾನಾಗಿಯೇ ಹೇಳಿದಳು.

"ನಿಮ್ಮವ್ವ ಬುತ್ತಿ ಉಂಡ ಕೂಡ್ಲೆ ಬೇವಿನ ಗಿಡದ ಕೆಳಗ ಅಡ್ಡಾಗ್ತಿದ್ಲು. ಗಡದ್ದ ನಿದ್ದಿ. ನೊಣ ಕುಂದ್ರತಾವಂತ ಮುಖದ ತುಂಬ ಸೆರಗ ಹೊದ್ದು. ನಾವು ಹುಡುಗೇರು ಸೆರಗ ಎಳೀತಿದ್ವಿ, ಏಳ್ತಿರಲಿಲ್ಲ. ಹೊಲದೋನು ಬಂದು ಕೂಗಿದ್ರೂ ಏಳ್ತಿರಲಿಲ್ಲ. ಅಂಥಾ ನಿದ್ದಿ ಮಾಡೋರನ್ನ ನಾ ಮತ್ತ ನೋಡಿಲ್ಲ ಬಿಡು."

ಇದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅವಳು ಮಲಗಿದ್ದನ್ನೇ ನಾನು ಕಂಡವಳಲ್ಲ. ನಾನು ಮಲಗಿದ ಮೇಲೆ ಮಲಗಿ, ಏಳುವ ಮೊದಲು ಏಳುತ್ತಿದ್ದಳು. ಚಿಗವ್ವ ಹೇಳಿ ಮುಗಿಸಿ, ನನ್ನ ಭುಜಕ್ಕೆ ತಲೆಯಿಟ್ಟು ತಾನೇ ನಿದ್ದೆ ಹೋದಳು.

ಈಗ ಪೂಜೆಯಲ್ಲಿ ಮತ್ತೆ ಕಣ್ಣು ಮುಚ್ಚುತ್ತೇನೆ. ಬೇವಿನ ಕೆಳಗೆ ಒಬ್ಬ ಹೆಂಗಸು ಮಲಗಿರುತ್ತಾಳೆ, ಮುಖದ ಮೇಲೆ ಸೆರಗು. ಉಸಿರಿಗೆ ಸೆರಗು ಏಳುತ್ತದೆ, ಇಳಿಯುತ್ತದೆ. ನಾನು ಎಳೆಯಲು ಹೋಗುವುದಿಲ್ಲ.